ನೈಟ್ ಡ್ಯೂಟಿ ಶುರುವಾದ ಮೇಲೆ ಮುಖ ಹಾಳಾಯಿತು. ಇದು ನಿದ್ದೆಗೆಟ್ಟಿದ್ದಕ್ಕಾ, ಟೆನ್ಷನ್ನಿಗಾ?

ವಾರ್ಡ್ ಸಿಸ್ಟರ್, ಬೆಂಗಳೂರು (ಬೆಳಗಿನ ಜಾವ 4:10)

ಎಲ್ಲರಿಗೂ ನಮಸ್ಕಾರ. ವಾರ್ಡಿನಲ್ಲಿ ಈಗಷ್ಟೇ ಸ್ವಲ್ಪ ಬಿಡುವಾಯಿತು. ಅದಕ್ಕೇ ಈ ಹೊತ್ತಿನಲ್ಲಿ ಬರೆಯುತ್ತಿದ್ದೇನೆ.

ನನಗೆ 29 ವರ್ಷ. ಸ್ಟಾಫ್ ನರ್ಸ್. ಎಂಟು ತಿಂಗಳಿಂದ ಹೆಚ್ಚುಕಮ್ಮಿ ನೈಟ್ ಡ್ಯೂಟಿಯೇ. ಪಿಯುಸಿಯಲ್ಲಿ ಎಲ್ಲರಿಗೂ ಬರುವ ಹಾಗೆ ನನಗೂ ನಾಲ್ಕು ಮೊಡವೆ ಬಂದಿದ್ದವು, ಹೋಗಿದ್ದವು. ಈಗ ಮತ್ತೆ ಶುರುವಾಗಿದೆ. ಈ ಸಲ ಕೆನ್ನೆಯಲ್ಲಿ, ದವಡೆಯ ಅಂಚಿನಲ್ಲಿ. ಒಳಗೇ ಗಟ್ಟಿಯಾಗಿ ಕೂತು ನೋಯುವಂಥವು. ವಾಸಿಯಾದರೂ ಕಪ್ಪು ಕಲೆ ಉಳಿಯುತ್ತದೆ. ಜೊತೆಗೆ ಕತ್ತಿನ ಹಿಂದೆ ಒಂದೇ ಜಾಗದಲ್ಲಿ ತುರಿಕೆ. ರಿಪೋರ್ಟ್ ಬರೆಯುವಾಗ ಎಡಗೈ ತಾನಾಗಿಯೇ ಅಲ್ಲಿಗೆ ಹೋಗಿರುತ್ತದೆ.

ಮನೆ ಸೇರುವಾಗ ಬೆಳಿಗ್ಗೆ ಒಂಬತ್ತು. ಮಲಗಿದರೆ ಪಕ್ಕದ ಮನೆಯ ಕುಕ್ಕರ್ ಸೀಟಿ, ಎದುರಿನ ಕಟ್ಟಡದಲ್ಲಿ ಡ್ರಿಲ್ಲಿಂಗ್ ಸದ್ದು. ಮಧ್ಯಾಹ್ನ ಒಂದಕ್ಕೆಲ್ಲ ಎಚ್ಚರ. ನಾಲ್ಕು ಗಂಟೆ ನಿದ್ದೆ ಬಂದರೆ ಅದೇ ದೊಡ್ಡದು.

ಈಗ ಹೇಳಲು ಕಷ್ಟವಾಗುವ ವಿಷಯ. ಮೂರು ತಿಂಗಳ ಹಿಂದೆ ಒಂದು ಮೆಡಿಕಲ್ ಶಾಪಿನಲ್ಲಿ ಕೇಳಿದೆ. ಚೀಟಿ ಇಲ್ಲದೆಯೇ ಒಂದು ಟ್ಯೂಬ್ ಕೊಟ್ಟರು. ನಾಲ್ಕೇ ದಿನಕ್ಕೆ ಮುಖ ನುಣುಪಾಯಿತು, ಬೆಳ್ಳಗಾಯಿತು. ಜೊತೆಯ ಸಿಸ್ಟರ್‌ಗಳೆಲ್ಲ ಏನು ಹಚ್ಚುತ್ತೀಯ ಎಂದು ಕೇಳಿದರು. ಈಗ ಎರಡು ದಿನ ಹಚ್ಚದಿದ್ದರೆ ಮುಖ ಕೆಂಪಾಗಿ ಉರಿಯುತ್ತದೆ, ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಒಬ್ಬ ನರ್ಸ್ ಆಗಿ ನನಗೆ ಗೊತ್ತಿರಬೇಕಿತ್ತು. ಆ ಬೇಸರ ತುಂಬಾ ಇದೆ.

ಅಮ್ಮ ಫೋನಿನಲ್ಲಿ "ಮೈ ಉಷ್ಣ ಆಗಿದೆ, ಎಳನೀರು ಕುಡಿ" ಅನ್ನುತ್ತಾರೆ. ನಿಜವಾಗಿಯೂ ನಿದ್ದೆಗೂ ಚರ್ಮಕ್ಕೂ ಇಷ್ಟು ನಂಟಿದೆಯಾ? ಯಾರಿಗಾದರೂ ಹೀಗೆ ಆಗಿ ಸರಿಹೋಗಿದ್ದರೆ ದಯವಿಟ್ಟು ಹೇಳಿ.

ಹಾಸನದ ಅಕ್ಕ

ತಂಗಿ, ಊರಿಗೆಲ್ಲ ಆರೈಕೆ ಮಾಡಿ ನಿಮ್ಮ ನಿದ್ದೆ ಕಳೆದುಕೊಂಡಿದ್ದೀರಿ. ಬೇಸರ ಮಾಡಿಕೊಳ್ಳಬೇಡಿ. ಆ ಟ್ಯೂಬ್ ಎಷ್ಟೋ ಮನೆಗಳಲ್ಲಿದೆ. ನಮ್ಮ ಮನೆಯಲ್ಲೂ ಇತ್ತು. ಅದರ ಹೆಸರು ಬೇಡ, ಹಿಂದೆ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ಅಂತ ನೋಡಿ ಹಾಕಿ.

ಧಾರವಾಡದ ಓದುಗ

ಅಕ್ಕ, ನಿದ್ದೆಗೂ ಮುಖಕ್ಕೂ ನಂಟಿದೆ ಅನ್ನೋದಕ್ಕೆ ನಾನೇ ಸಾಕ್ಷಿ. ಕೆಎಎಸ್ ತಯಾರಿಗೆ ಅಂತ ಎರಡು ವರ್ಷದಿಂದ ಧಾರವಾಡದಲ್ಲಿ ರೂಮ್ ಮಾಡಿಕೊಂಡಿದ್ದೇನೆ. ಒಂದು ರೂಮಿನಲ್ಲಿ ಮೂವರು. ಓದಿ ಮಲಗುವಾಗ ರಾತ್ರಿ ಎರಡೂವರೆ. ಲೈಬ್ರರಿಯಲ್ಲಿ ಸೀಟು ಸಿಗಬೇಕಲ್ಲ, ಬೆಳಿಗ್ಗೆ ಆರಕ್ಕೆ ಏಳಬೇಕು.

ಪ್ರಿಲಿಮ್ಸ್ ಹತ್ತಿರ ಬಂದ ಹಾಗೆ ಹಣೆ ಪೂರ್ತಿ ಮೊಡವೆ. ಪರೀಕ್ಷೆ ಮುಗಿಸಿ ಊರಿಗೆ ಹೋಗಿ ಹದಿನೈದು ದಿನ ಹೊಟ್ಟೆ ತುಂಬ ಉಂಡು ಮಲಗಿದೆ. ಅರ್ಧಕ್ಕರ್ಧ ಕಡಿಮೆಯಾಯಿತು. ಸೋಪು, ಕ್ರೀಮು ಏನೂ ಬದಲಿಸಿರಲಿಲ್ಲ. ಬಾಯಿ ಹುಣ್ಣಿನದೂ ಇದೇ ಕಥೆ. ಪರೀಕ್ಷೆ ಸಮಯದಲ್ಲಿ ಆದರೆ ಹತ್ತು ದಿನ ಇರುತ್ತದೆ. ಊರಿನಲ್ಲಿದ್ದಾಗ ನಾಲ್ಕೇ ದಿನಕ್ಕೆ ಹೋಗುತ್ತದೆ. ಇದು ನನ್ನ ಭ್ರಮೆಯೋ ನಿಜವೋ ತಿಳಿದವರು ಹೇಳಬೇಕು.

ಚರ್ಮವೈದ್ಯೆ, ಮೈಸೂರು

ನಾನು ಚರ್ಮರೋಗ ತಜ್ಞೆ. ಮುಖ ನೋಡದೆ ಇಂಥದ್ದೇ ಕಾಯಿಲೆ ಎಂದು ಹೇಳುವುದು ಸರಿಯಲ್ಲ. ಆದರೆ ದೇಹದೊಳಗೆ ಏನಾಗುತ್ತದೆ ಎಂಬುದನ್ನು ಹೇಳಬಹುದು.

ಧಾರವಾಡದ ತಮ್ಮನಿಗೆ ಮೊದಲು. ಅದು ಭ್ರಮೆ ಅಲ್ಲ. ಸ್ಟ್ಯಾನ್‌ಫರ್ಡ್‌ನ ವೈದ್ಯರು 22 ವಿದ್ಯಾರ್ಥಿಗಳ ಮೊಡವೆಯನ್ನು ಪರೀಕ್ಷೆ ಇಲ್ಲದ ದಿನಗಳಲ್ಲಿ ಒಮ್ಮೆ, ಪರೀಕ್ಷೆ ದಿನಗಳಲ್ಲಿ ಇನ್ನೊಮ್ಮೆ ಲೆಕ್ಕ ಹಾಕಿ 2003ರಲ್ಲಿ ಪ್ರಕಟಿಸಿದರು. ಒತ್ತಡ ಹೆಚ್ಚಿದಷ್ಟೂ ಮೊಡವೆ ಹೆಚ್ಚಿತ್ತು. 2007ರಲ್ಲಿ ಸಿಂಗಾಪುರದಲ್ಲಿ 94 ಹೈಸ್ಕೂಲು ಮಕ್ಕಳನ್ನು ನೋಡಿದಾಗಲೂ ಹಾಗೇ ಕಂಡಿತು. ಅಲ್ಲಿ ಇನ್ನೊಂದು ವಿಷಯ ನನ್ನ ಗಮನ ಸೆಳೆಯಿತು. ಆ ಮಕ್ಕಳ ಮುಖದ ಎಣ್ಣೆ ಅಷ್ಟೇನೂ ಹೆಚ್ಚಿರಲಿಲ್ಲ. ಆದರೂ ಮೊಡವೆ ಕೆರಳಿದ್ದವು. ಅಂದರೆ ಎಣ್ಣೆ ಒಂದೇ ಕಾರಣ ಅಲ್ಲ, ಒಳಗಿನ ಉರಿಯೂತವೂ ಕಾರಣ. ಮುಖ ಉಜ್ಜಿ ಉಜ್ಜಿ ದಿನಕ್ಕೆ ಆರು ಸಲ ತೊಳೆಯುವವರು ಇದನ್ನು ನೆನಪಿಡಬೇಕು.

ಬಾಯಿ ಹುಣ್ಣಿನ ಮಾತಿಗೂ ಆಧಾರವಿದೆ. ಅಮೆರಿಕದ ಓಹಾಯೋದಲ್ಲಿ 11 ದಂತವೈದ್ಯ ವಿದ್ಯಾರ್ಥಿಗಳ ಅಂಗುಳಿನಲ್ಲಿ ಒಂದು ಸಣ್ಣ ಗಾಯ ಮಾಡಿದರು. ಬೇಸಿಗೆ ರಜೆಯಲ್ಲಿ ಒಂದು ಸಲ, ಪರೀಕ್ಷೆಗೆ ಮೂರು ದಿನ ಮುಂಚೆ ಇನ್ನೊಂದು ಸಲ. ಅದೇ ಬಾಯಿ, ಅಷ್ಟೇ ಗಾಯ. ಪರೀಕ್ಷೆ ಸಮಯದ ಗಾಯ ಮಾಯಲು 40% ನಿಧಾನವಾಯಿತು. 1998ರ ಮಾತು ಇದು.

ಈಗ ಸಿಸ್ಟರ್ ಪ್ರಶ್ನೆ. ಟೆನ್ಷನ್ ಆದಾಗ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಬಿಡುತ್ತದೆ. ಸ್ವಲ್ಪ ಹೊತ್ತಿಗೆ ಅದು ಒಳ್ಳೆಯದೇ. ರೋಗಿಗೆ ಏನಾದರೂ ಆದಾಗ ನೀವು ತಟ್ಟನೆ ಎದ್ದು ಓಡುವುದಕ್ಕೆ ಅದು ಬೇಕು. ತಿಂಗಳುಗಟ್ಟಲೆ ಒತ್ತಡ ಇಳಿಯದಿದ್ದರೆ ತೊಂದರೆ. ಆಗ ಚರ್ಮದ ಹೊರಪದರ ದುರ್ಬಲವಾಗುತ್ತದೆ. ಆ ಪದರವನ್ನು ಇಟ್ಟಿಗೆ ಗೋಡೆ ಅಂದುಕೊಳ್ಳಿ. ಜೀವಕೋಶಗಳು ಇಟ್ಟಿಗೆ, ನಡುವೆ ಇರುವ ಕೊಬ್ಬು ಗಾರೆ. ಗಾರೆ ಸಡಿಲವಾದರೆ ಒಳಗಿನ ನೀರು ಆರಿಹೋಗುತ್ತದೆ, ಹೊರಗಿನದ್ದೆಲ್ಲ ಒಳಗೆ ಚುಚ್ಚುತ್ತದೆ.

ನಿದ್ದೆಯ ಪಾಲು ಇಲ್ಲಿ ದೊಡ್ಡದು. ಕ್ಲೀವ್‌ಲ್ಯಾಂಡಿನಲ್ಲಿ 60 ಹೆಂಗಸರ ಚರ್ಮಕ್ಕೆ ಟೇಪ್ ಅಂಟಿಸಿ ಕಿತ್ತು, ಗೋಡೆ ಎಷ್ಟು ಬೇಗ ರಿಪೇರಿ ಆಗುತ್ತದೆ ಎಂದು ಅಳೆದರು. 2015ರಲ್ಲಿ ಫಲಿತಾಂಶ ಬಂತು. ಚೆನ್ನಾಗಿ ನಿದ್ದೆ ಮಾಡುವವರಲ್ಲಿ 72 ಗಂಟೆಯ ಹೊತ್ತಿಗೆ ರಿಪೇರಿ 30% ಹೆಚ್ಚು ಆಗಿತ್ತು. 

ಕತ್ತಿನ ತುರಿಕೆ ಬಗ್ಗೆ. ಒಂದೇ ಜಾಗವನ್ನು ಕೆರೆದು ಕೆರೆದು ಚರ್ಮ ದಪ್ಪವಾಗುತ್ತದೆ. ದಪ್ಪವಾದ ಚರ್ಮ ಇನ್ನೂ ತುರಿಸುತ್ತದೆ. ಮತ್ತೆ ಕೆರೆತ. ಟೆನ್ಷನ್ ಇರುವವರಲ್ಲಿ ಕತ್ತಿನ ಹಿಂದೆ, ಕಾಲಿನ ಗಂಟಿನ ಹತ್ತಿರ ಇದು ತುಂಬಾ ಸಾಮಾನ್ಯ. ಉಗುರು ಚಿಕ್ಕದಾಗಿ ಕತ್ತರಿಸಿ. ತುರಿಸಿದಾಗ ತಣ್ಣೀರಿನ ಬಟ್ಟೆ ಒತ್ತಿ, ಮೇಲೆ ಮಾಯಿಶ್ಚರೈಸರ್ ಹಚ್ಚಿ.

ಒಂದು ಪ್ರಶ್ನೆ ಕೇಳಲೇಬೇಕು. ಮುಟ್ಟು ಸರಿಯಾಗಿ ಬರುತ್ತಿದೆಯಾ? ಗಲ್ಲದ ಮೇಲೆ ಕೂದಲು ಜಾಸ್ತಿ ಆಗಿದೆಯಾ? ದವಡೆ ಅಂಚಿನ ಮೊಡವೆ ಜೊತೆ ಇವೂ ಇದ್ದರೆ ಪಿಸಿಓಎಸ್ (ಹೆಂಗಸರಲ್ಲಿ ಹಾರ್ಮೋನ್ ಏರುಪೇರಿನ ತೊಂದರೆ) ಇದೆಯಾ ಎಂದು ನೋಡಬೇಕು. ಎಲ್ಲವನ್ನೂ ನಿದ್ದೆಯ ತಲೆಗೆ ಕಟ್ಟಿದರೆ ಅದು ತಪ್ಪಿಹೋಗುತ್ತದೆ.

ವಾರ್ಡ್ ಸಿಸ್ಟರ್, ಬೆಂಗಳೂರು

ತುಂಬಾ ಥ್ಯಾಂಕ್ಸ್ ಮೇಡಂ. ಮುಟ್ಟು ಸರಿಯಾಗಿದೆ, ಕೂದಲೂ ಇಲ್ಲ. ಟ್ಯೂಬಿನ ಹಿಂದೆ ಹೀಗೆ ಬರೆದಿದೆ: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಬರೆಯುವಾಗಲೇ ಕೈ ನಡುಗಿತು. ಮೂರನೆಯದು ಸ್ಟಿರಾಯ್ಡ್ ಅಲ್ವಾ?

ಚರ್ಮವೈದ್ಯೆ, ಮೈಸೂರು

ಹೌದು ಸಿಸ್ಟರ್. ಈ ಮೂರರ ಮಿಶ್ರಣವನ್ನು ಬಂಗಿನಂಥ ಕಲೆಗೆ ನಾವೇ ಬರೆದುಕೊಡುತ್ತೇವೆ. ಆದರೆ ಕೆಲವೇ ವಾರಕ್ಕೆ, ನಮ್ಮ ಕಣ್ಣೆದುರಿಗೆ. ತಿಂಗಳುಗಟ್ಟಲೆ ಹಚ್ಚುವ ಕ್ರೀಮಲ್ಲ ಇದು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಕಾರ್ಟಿಸಾಲ್ ಕೂಡ ಒಂದು ಸ್ಟಿರಾಯ್ಡೇ. ಟ್ಯೂಬಿನಲ್ಲಿರುವುದು ಅದರದ್ದೇ ಕುಟುಂಬದ, ಅದಕ್ಕಿಂತ ಬಲವಾದ ಸದಸ್ಯ. ನಿದ್ದೆಗೆಟ್ಟು, ಒತ್ತಡದಿಂದ ಒಳಗಿನಿಂದ ಗೋಡೆ ಸಡಿಲವಾಗುತ್ತಿದೆ. ಅದೇ ಕುಟುಂಬದ ಮದ್ದನ್ನು ಹೊರಗಿನಿಂದಲೂ ತಿಂಗಳುಗಟ್ಟಲೆ ಮೆತ್ತುತ್ತೇವೆ. ಗೋಡೆ ಎರಡು ಕಡೆಯಿಂದಲೂ ತೆಳುವಾಗುತ್ತದೆ. ಮೊದಲ ವಾರ ಉರಿಯೂತ ಅಡಗಿ ಮುಖ ಚೆಂದ ಕಾಣುತ್ತದೆ. ನಂತರ ಚರ್ಮ ತೆಳ್ಳಗಾಗಿ ಕೆಂಪು ರಕ್ತನಾಳಗಳು ಕಾಣುತ್ತವೆ, ಬಿಸಿಲಿಗೆ ಉರಿಯುತ್ತದೆ, ಸ್ಟಿರಾಯ್ಡ್‌ನಿಂದಲೇ ಹೊಸ ಮೊಡವೆ ಬರುತ್ತವೆ. ನೀವು ಹೇಳಿದ ಲಕ್ಷಣಗಳು ಅದೇ ದಾರಿಯಲ್ಲಿವೆ.

2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ಷೆಡ್ಯೂಲ್ ಎಚ್ ಪಟ್ಟಿಗೆ ತಂದಿತು. ವೈದ್ಯರ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಆದರೂ ಕೈಗೆ ಸಿಗುತ್ತದೆ. ಹುಳುಕಡ್ಡಿಗೂ ಇದನ್ನೇ ಹಚ್ಚಿ ಹಚ್ಚಿ, ಮೈಯೆಲ್ಲ ಹರಡಿಕೊಂಡು ಬರುವವರನ್ನು ನಾನು ದಿನಾ ನೋಡುತ್ತೇನೆ. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್, ಈ ಹೆಸರುಗಳನ್ನು ಎಲ್ಲರೂ ಬರೆದಿಟ್ಟುಕೊಳ್ಳಿ.

ಸಿಸ್ಟರ್, ಗಾಬರಿಯಿಂದ ಒಮ್ಮೆಲೇ ನಿಲ್ಲಿಸಿ ಮನೆಯಲ್ಲಿ ಒಬ್ಬರೇ ಒದ್ದಾಡಬೇಡಿ. ಉರಿ ಕೆಲವು ವಾರ ಜೋರಾಗಬಹುದು. ಆಗಲೇ ಜನ ಮತ್ತೆ ಟ್ಯೂಬಿಗೆ ಕೈ ಹಾಕುವುದು. ಈ ವಾರವೇ ಚರ್ಮವೈದ್ಯರನ್ನು ನೋಡಿ. ಹೇಗೆ ಬಿಡಿಸಬೇಕು ಎಂದು ಅವರು ಹೇಳುತ್ತಾರೆ. ಟ್ಯೂಬ್ ತಪ್ಪದೆ ಜೊತೆಗೆ ಒಯ್ಯಿರಿ.

ತುಮಕೂರಿನ ಅಜ್ಜಿ

ಮೊಮ್ಮಗಳು ಓದಿ ಹೇಳಿದಳು. ನಮ್ಮ ಕಾಲದಲ್ಲಿ ಮುಖಕ್ಕೆ ಕೊಬ್ಬರಿ ಎಣ್ಣೆ, ಕಡಲೆ ಹಿಟ್ಟು, ಅರಿಶಿನ ಅಷ್ಟೇ. ವಾರಕ್ಕೊಂದು ಎಣ್ಣೆ ಸ್ನಾನ. ಸ್ನಾನ ಆದಮೇಲೆ ಕಣ್ಣು ಬಿಡಲಾಗದಷ್ಟು ನಿದ್ದೆ ಬರುತ್ತಿತ್ತು. ಆ ನಿದ್ದೆಯೇ ಔಷಧಿ ಅಂತ ನನ್ನ ಅತ್ತೆ ಹೇಳುತ್ತಿದ್ದರು. ಮಗಳೇ, ವಾರಕ್ಕೆ ಒಂದು ದಿನವಾದರೂ ತಲೆಗೆ ಎಣ್ಣೆ ಒತ್ತಿಸಿಕೊಂಡು ಮಲಗು.

ಚರ್ಮವೈದ್ಯೆ, ಮೈಸೂರು

ಅಜ್ಜಿ, ನಿಮ್ಮ ಅತ್ತೆಯ ಮಾತು ನನಗೆ ತುಂಬಾ ಹಿಡಿಸಿತು. ಒಣಗಿದ ಕೈಕಾಲಿಗೆ ಕೊಬ್ಬರಿ ಎಣ್ಣೆ ಒಳ್ಳೆಯದು. ಮೊಡವೆ ಇರುವ ಮುಖಕ್ಕೆ ಮಾತ್ರ ಬೇಡ, ರಂಧ್ರ ಮುಚ್ಚಿಕೊಳ್ಳುತ್ತದೆ. ಕಡಲೆ ಹಿಟ್ಟಿನಿಂದ ಉಜ್ಜುವುದು, ನಿಂಬೆ ರಸ ಹಚ್ಚುವುದು ಕೂಡ ಈಗ ಬೇಡ. ಉರಿಯುವ ಚರ್ಮ ಇನ್ನೂ ಕೆರಳುತ್ತದೆ.

ಮಲೆನಾಡ ಅಮ್ಮ

ಕೊಪ್ಪದ ಹತ್ತಿರ ನಮ್ಮ ಮನೆ. ನನಗೆ ರಾತ್ರಿ ಮಲಗಿದರೆ ಸಾಕು, ಮೈಯೆಲ್ಲ ತುರಿಕೆ. ಹಗಲು ಅಷ್ಟಿಲ್ಲ. ಅಡಿಕೆ ಕೊಳೆ ಬಂದು ಮನೆಯಲ್ಲಿ ಚಿಂತೆ ಜಾಸ್ತಿ ಆಗಿದೆ. ನಿದ್ದೆ ಇಲ್ಲ. ಇದೂ ಟೆನ್ಷನ್ ತುರಿಕೆಯೇ ಅಂದುಕೊಂಡಿದ್ದೆ. ಈಗ ಮಗನೂ ಕೆರೆದುಕೊಳ್ಳುತ್ತಿದ್ದಾನೆ. ಅವನಿಗೆ ಏಳು ವರ್ಷ. ಅವನಿಗೇನು ಟೆನ್ಷನ್ ಇದ್ದೀತು?

ಚರ್ಮವೈದ್ಯೆ, ಮೈಸೂರು

ಅಮ್ಮ, ಒಳ್ಳೆಯ ಪ್ರಶ್ನೆ ಕೇಳಿದಿರಿ. ರಾತ್ರಿ ತುರಿಕೆ ಹೆಚ್ಚಾಗುವುದು ಸಹಜ. ಉರಿಯೂತ ಅಡಗಿಸುವ ಕಾರ್ಟಿಸಾಲ್ ಮಧ್ಯರಾತ್ರಿ ಹೊತ್ತಿಗೆ ತೀರಾ ಕಡಿಮೆ ಇರುತ್ತದೆ. ಹೊದ್ದ ಚರ್ಮ ಬೆಚ್ಚಗಾಗುತ್ತದೆ, ನೀರಿನಂಶ ಹೆಚ್ಚು ಆರುತ್ತದೆ. ಬೇರೆ ಕೆಲಸ ಇಲ್ಲದೆ ಮನಸ್ಸೂ ತುರಿಕೆ ಕಡೆಗೇ ಹೋಗುತ್ತದೆ.

ಆದರೆ ಮನೆಯಲ್ಲಿ ಇಬ್ಬರಿಗೆ ರಾತ್ರಿ ತುರಿಕೆ ಅಂದರೆ ಮೊದಲು ಕಜ್ಜಿಯನ್ನು ನೆನೆಯಬೇಕು. ಅದು ಕಣ್ಣಿಗೆ ಕಾಣದ ಸಣ್ಣ ಹುಳದಿಂದ ಬರುತ್ತದೆ. ಬೆರಳ ಸಂದು, ಮಣಿಕಟ್ಟು, ಸೊಂಟ, ಹೊಕ್ಕುಳ ಸುತ್ತ ಸಣ್ಣ ಗುಳ್ಳೆ ಇವೆಯಾ ನೋಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಿ. ಕಜ್ಜಿಯೇ ಆಗಿದ್ದರೆ ಸಾಮಾನ್ಯವಾಗಿ 5% ಪರ್ಮೆಥ್ರಿನ್ ಮುಲಾಮು ಕೊಡುತ್ತಾರೆ. ತುರಿಕೆ ಇದ್ದವರು, ಇಲ್ಲದವರು, ಮನೆಯ ಎಲ್ಲರೂ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು. ಒಂದು ವಾರ ಬಿಟ್ಟು ಇನ್ನೊಮ್ಮೆ. ಹಾಸಿಗೆ ಬಟ್ಟೆ ಬಿಸಿನೀರಿನಲ್ಲಿ ಒಗೆಯಿರಿ. ಕಜ್ಜಿ ಹೋದರೆ ನಿಮ್ಮ ಅರ್ಧ ನಿದ್ದೆ ತಾನಾಗಿಯೇ ವಾಪಸ್ ಬರುತ್ತದೆ.

ಐಟಿ ಹುಡುಗ, ವೈಟ್‌ಫೀಲ್ಡ್

ಎಂಟು ಗಂಟೆ ಮಲಗಿದರೂ ನನಗೆ ಕಣ್ಣಿನ ಕೆಳಗೆ ಕಪ್ಪು. ಆಫೀಸಿನಲ್ಲಿ ಎಲ್ಲರೂ "ನಿದ್ದೆ ಮಾಡಲ್ವಾ" ಅಂತಾರೆ.

ಚರ್ಮವೈದ್ಯೆ, ಮೈಸೂರು

ನಿದ್ದೆಗೆಟ್ಟರೆ ಕಣ್ಣಿನ ಕೆಳಗೆ ಕಪ್ಪಾಗಿ ಕಾಣುವುದು ನಿಜ. ಆದರೆ ನಮ್ಮ ಮೈಬಣ್ಣದವರಲ್ಲಿ ಅದು ಎಷ್ಟೋ ಸಲ ಅಪ್ಪ ಅಮ್ಮನಿಂದ ಬಂದದ್ದು. ಧೂಳಿನ ಅಲರ್ಜಿಯಿಂದ ಕಣ್ಣು ಉಜ್ಜುವ ಅಭ್ಯಾಸ ಇದ್ದರೂ ಆಗುತ್ತದೆ. ರಕ್ತಹೀನತೆ ಇದ್ದರೂ ಎದ್ದು ಕಾಣುತ್ತದೆ. ಹಿಮೋಗ್ಲೋಬಿನ್ ನೋಡಿಸಿ. ಎಲ್ಲ ಸರಿ ಇದ್ದರೆ ಅದು ನಿಮ್ಮ ಮುಖದ ಸ್ವಭಾವ.

ಮಂಗಳೂರಿನ ಸೊಸೆ

ಇದನ್ನೆಲ್ಲ ಓದುತ್ತಾ ನನ್ನದನ್ನೂ ಬರೆಯಬೇಕು ಅನ್ನಿಸಿತು. ಅತ್ತೆಗೆ ಮರೆವಿನ ಕಾಯಿಲೆ. ನಾಲ್ಕು ವರ್ಷವಾಯಿತು. ರಾತ್ರಿ ಎರಡಕ್ಕೆ ಎದ್ದು ಬಾಗಿಲು ತೆಗೆದು ಹೋಗಲು ನೋಡುತ್ತಾರೆ. ಹಾಗಾಗಿ ನಾನು ಒಂದು ಕಣ್ಣು ತೆರೆದುಕೊಂಡೇ ಮಲಗುವುದು. ಕಳೆದ ತಿಂಗಳು ತೆಂಗಿನಕಾಯಿ ತುರಿಯುವಾಗ ಬೆರಳು ಕೊಯ್ದುಕೊಂಡೆ. ಸಣ್ಣ ಗಾಯ. ಒಂದು ತಿಂಗಳಾದರೂ ಪೂರ್ತಿ ಮಾಯಲಿಲ್ಲ. ಮೊದಲೆಲ್ಲ ವಾರದಲ್ಲಿ ಮಾಯುತ್ತಿತ್ತು. ಇದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. ಅತ್ತೆಯನ್ನು ದೂರಿದ ಹಾಗೆ ಆಗುತ್ತದಲ್ಲ ಅಂತ.

ಚರ್ಮವೈದ್ಯೆ, ಮೈಸೂರು

ನಿಮ್ಮ ಹಾಗೆಯೇ ಇರುವವರನ್ನು ಇಟ್ಟುಕೊಂಡು ಒಂದು ಅಧ್ಯಯನ ಆಗಿದೆ. 1995ರಲ್ಲಿ, ಅದೂ ಓಹಾಯೋದಲ್ಲೇ. ಮರೆವಿನ ಕಾಯಿಲೆಯ ಬಂಧುವನ್ನು ನೋಡಿಕೊಳ್ಳುವ 13 ಹೆಂಗಸರು, ಅದೇ ವಯಸ್ಸಿನ, ಆ ಹೊರೆ ಇಲ್ಲದ 13 ಹೆಂಗಸರು. ಎಲ್ಲರ ತೋಳಿನಲ್ಲೂ 3.5 ಮಿಲಿಮೀಟರಿನ ಗಾಯ. ಹೊರೆ ಇಲ್ಲದವರಿಗೆ ಮಾಯಲು ಸರಾಸರಿ 39 ದಿನ ಬೇಕಾಯಿತು. ಆರೈಕೆ ಮಾಡುವವರಿಗೆ ಸುಮಾರು 49 ದಿನ.

ನೀವು ಅತ್ತೆಯನ್ನು ದೂರುತ್ತಿಲ್ಲ. ನಿಮ್ಮ ಬೆರಳು ನಿಮ್ಮ ದಣಿವನ್ನು ಹೇಳುತ್ತಿದೆ, ಅಷ್ಟೇ. ಆದರೆ ದಣಿವು ಅಂತ ಸುಮ್ನೆ ಇರಬೇಡಿ, ನಾಳೆಯೇ ಸಕ್ಕರೆ ಪರೀಕ್ಷೆ ಮಾಡಿಸಿ. ಮಾಯದ ಗಾಯಕ್ಕೆ ಅದು ಮೊದಲು. ವಾರದಲ್ಲಿ ಎರಡು ರಾತ್ರಿಯಾದರೂ ಗಂಡನೋ ನಾದಿನಿಯೋ ಅತ್ತೆಯ ಕೋಣೆಯಲ್ಲಿ ಮಲಗಲಿ. ಬಾಗಿಲಿಗೆ ಗಂಟೆ ಕಟ್ಟಿದರೆ, ಸದ್ದಾದಾಗ ಮಾತ್ರ ಎದ್ದರೆ ಸಾಕು.

ಹಾಸನದ ಅಕ್ಕ

ಮಂಗಳೂರಿನ ತಂಗಿ, ದಯವಿಟ್ಟು ಇದನ್ನು ಮನೆಯವರಿಗೆ ಓದಿ ಹೇಳಿ.

ಕಲಬುರಗಿ ಹುಡುಗಿ

ನಂದು ಕೂದಲಿನ ಸಮಸ್ಯೆ. ಜನವರಿಯಲ್ಲಿ ಅಪ್ಪ ತೀರಿಕೊಂಡರು. ಆಗ ಏನೂ ಆಗಲಿಲ್ಲ. ಏಪ್ರಿಲ್‌ನಲ್ಲಿ ಬಾಚಿದಾಗಲೆಲ್ಲ ಹಿಡಿ ಹಿಡಿ ಉದುರತೊಡಗಿತು. ಎಲ್ಲರೂ ನೀರು ಗಡಸು ಅಂದರು. ರಾತ್ರಿ ಎರಡು ಮೂರು ಗಂಟೆವರೆಗೆ ಅಪ್ಪನ ಫೋಟೊ ನೋಡ್ತಾ ಕೂತಿರುತ್ತೇನೆ.

ಚರ್ಮವೈದ್ಯೆ, ಮೈಸೂರು

ಮಗಳೇ, ನೀರಿನ ತಪ್ಪಿರಲಿಕ್ಕಿಲ್ಲ. ದೊಡ್ಡ ದುಃಖ, ಜೋರು ಜ್ವರ, ಹೆರಿಗೆ ಆದಾಗ ತುಂಬಾ ಕೂದಲು ಒಟ್ಟಿಗೇ ಬೆಳೆಯುವುದನ್ನು ನಿಲ್ಲಿಸಿ ವಿಶ್ರಾಂತಿಗೆ ಹೋಗುತ್ತವೆ. ಎರಡು ಮೂರು ತಿಂಗಳ ನಂತರ ಒಟ್ಟಿಗೇ ಉದುರುತ್ತವೆ. ಅದಕ್ಕೇ ಜನವರಿಯ ನೋವು ಏಪ್ರಿಲ್‌ನಲ್ಲಿ ಬಾಚಣಿಗೆಯಲ್ಲಿ ಕಂಡಿತು. ಬೇರು ಸತ್ತಿರುವುದಿಲ್ಲ. ಸಾಮಾನ್ಯವಾಗಿ ಆರು ತಿಂಗಳೊಳಗೆ ಉದುರುವುದು ನಿಂತು ಹೊಸ ಕೂದಲು ಬರುತ್ತದೆ. ಕಬ್ಬಿಣಾಂಶ, ಥೈರಾಯ್ಡ್ ಒಮ್ಮೆ ನೋಡಿಸಿ.

ರಾತ್ರಿಗಳು ತೀರಾ ಭಾರವಾದರೆ 14416ಕ್ಕೆ ಫೋನ್ ಮಾಡು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಯಾವ ಹೊತ್ತಿಗೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಹನ್ನೊಂದು ವರ್ಷ ನೈಟ್ ಶಿಫ್ಟ್

ಸಿಸ್ಟರ್, ನಾನು ಕಾಲ್ ಸೆಂಟರಿನಲ್ಲಿ ಹನ್ನೊಂದು ವರ್ಷ ರಾತ್ರಿ ಕೆಲಸ ಮಾಡಿದವನು. ಮೊದಲ ಮೂರು ವರ್ಷ ಮುಖ, ಹೊಟ್ಟೆ ಎರಡೂ ಕೆಟ್ಟಿದ್ದವು. ಆಮೇಲೆ ಕಲಿತದ್ದನ್ನು ಹೇಳುತ್ತೇನೆ.

ಕತ್ತಲೆ ಎಲ್ಲಕ್ಕಿಂತ ಮುಖ್ಯ. ಕಣ್ಣಿಗೆ ಬೆಳಕು ಬಿದ್ದರೆ ಮೆದುಳು ಹಗಲು ಅಂದುಕೊಳ್ಳುತ್ತದೆ, ನಿದ್ದೆ ತರುವ ಮೆಲಟೋನಿನ್ ಬರುವುದಿಲ್ಲ. ತೆಳು ಕರ್ಟನ್ ಸಾಲುವುದಿಲ್ಲ. ನಮ್ಮ ಕೈ ನಮಗೇ ಕಾಣಬಾರದು, ಅಷ್ಟು ಕತ್ತಲೆ ಬೇಕು. ಮನೆಗೆ ಬರುವಾಗ ಕೂಲಿಂಗ್ ಗ್ಲಾಸ್ ಹಾಕಿಕೊಳ್ಳಿ. ಫ್ಯಾನ್ ಜೋರಾಗಿ ಇಟ್ಟರೆ ಕುಕ್ಕರ್ ಸೀಟಿ ಅಷ್ಟು ಕೇಳುವುದಿಲ್ಲ. ಕಿವಿಗೆ ಇಯರ್ ಪ್ಲಗ್.

ಎರಡನೆಯದು ಟೀ, ಕಾಫಿ. ರಾತ್ರಿ ಒಂದಾದ ಮೇಲೆ ನಾನು ಮುಟ್ಟುತ್ತಿರಲಿಲ್ಲ. ಕುಡಿದ ಕೆಫೀನ್‌ನಲ್ಲಿ ಅರ್ಧ ಇಳಿಯಲು ಐದು ಗಂಟೆ ಬೇಕು. ನಾಲ್ಕಕ್ಕೆ ಕುಡಿದ ಕಾಫಿ ಒಂಬತ್ತಕ್ಕೆ ಹಾಸಿಗೆಯಲ್ಲೂ ಜೊತೆಗಿರುತ್ತದೆ. ನಡುರಾತ್ರಿ ಬಿಸ್ಕತ್ತು, ಸಕ್ಕರೆ ಟೀ ಬಿಟ್ಟು ಮನೆಯಿಂದ ಮೊಳಕೆ ಕಾಳು, ಮಜ್ಜಿಗೆ ಒಯ್ಯತೊಡಗಿದೆ. ಮುಖದಲ್ಲಿ ಅದರದ್ದೇ ಒಂದು ಬದಲಾವಣೆ ಕಂಡಿತು.

ಇನ್ನೊಂದು, ಕಷ್ಟದ್ದು. ರಜೆ ದಿನ ಪೂರ್ತಿ ಹಗಲಿನ ಮನುಷ್ಯ ಆಗಿಬಿಡಬೇಡಿ. ಬೆಳಗಿನ ಎರಡು ಮೂರು ಗಂಟೆ ನಿದ್ದೆಯನ್ನಾದರೂ ಅದೇ ಹೊತ್ತಿಗೆ ಉಳಿಸಿಕೊಳ್ಳಿ. ಮೇಲಿನವರನ್ನು ಕೇಳಿ ನೈಟ್‌ಗಳನ್ನು ಒಟ್ಟಿಗೆ ಹಾಕಿಸಿಕೊಳ್ಳಿ. ಎರಡು ದಿನ ರಾತ್ರಿ, ಒಂದು ದಿನ ಹಗಲು ಅಂತ ಚೂರು ಚೂರು ಆದರೆ ಮೈ ಯಾವುದಕ್ಕೂ ಒಗ್ಗುವುದಿಲ್ಲ.

ಚರ್ಮವೈದ್ಯೆ, ಮೈಸೂರು

ಕೆಫೀನ್, ಸಕ್ಕರೆ ಎರಡರ ಬಗ್ಗೆಯೂ ಸರಿಯಾಗಿ ಹೇಳಿದ್ದೀರಿ. ನಾನು ಒಂದನ್ನು ಸೇರಿಸುತ್ತೇನೆ. ಡ್ಯೂಟಿ ಮುಗಿಸಿ ಬೆಳಿಗ್ಗೆ ಹೊರಡುವಾಗ ಬಿಸಿಲಿರುತ್ತದೆ. ಸನ್‌ಸ್ಕ್ರೀನ್ ಹಚ್ಚಿ ಹೊರಡಿ. ನಮ್ಮ ಬಣ್ಣದ ಚರ್ಮದಲ್ಲಿ ಮೊಡವೆ ಹೋದರೂ ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ, ಬಿಸಿಲು ಬಿದ್ದರೆ ಇನ್ನೂ ಕಪ್ಪಾಗುತ್ತದೆ.

ವಾರ್ಡ್ ಸಿಸ್ಟರ್, ಬೆಂಗಳೂರು (ಹತ್ತು ವಾರದ ನಂತರ)

ಎಲ್ಲರೂ ಹೇಗಿದ್ದೀರಿ? ಬರೆಯುತ್ತೇನೆ ಅಂದುಕೊಂಡು ಇಷ್ಟು ದಿನವಾಯಿತು.

ಆ ವಾರವೇ ಚರ್ಮವೈದ್ಯರ ಹತ್ತಿರ ಹೋದೆ. ಟ್ಯೂಬ್ ಬಿಡಿಸಿದರು. ಮೊದಲ ಮೂರು ವಾರ ನರಕ. ಮುಖ ಮೆಣಸಿನಕಾಯಿ ಹಚ್ಚಿದ ಹಾಗೆ. ಮಾಸ್ಕ್ ಹಾಕಿಕೊಂಡೇ ಡ್ಯೂಟಿ ಮಾಡಿದೆ. ಮತ್ತೆ ಹಚ್ಚಿಬಿಡೋಣ ಅಂತ ಎರಡು ಸಲ ಅನ್ನಿಸಿತು. ಆಗ ಇಲ್ಲಿ ಬಂದು ಮೇಡಂ ಬರೆದದ್ದನ್ನು ಓದಿಕೊಂಡೆ. ನಾಲ್ಕನೇ ವಾರದಿಂದ ಉರಿ ಇಳಿಯಿತು. ಈಗ ಮೊಡವೆಗೆ ಬೇರೆ ಮದ್ದು ನಡೆಯುತ್ತಿದೆ. ಹೊಸದು ಬರುವುದು ತುಂಬಾ ಕಡಿಮೆಯಾಗಿದೆ. ಕಲೆಗಳು ಇನ್ನೂ ಇವೆ.

ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿ ನೈಟ್‌ಗಳನ್ನು ಒಟ್ಟಿಗೆ ಹಾಕಿಸಿಕೊಂಡೆ. ಸಾಲಾಗಿ ಆರು, ಆಮೇಲೆ ಎರಡು ದಿನ ಆಫ್. ಡ್ಯೂಟಿ ದಿನ ಆರು ಗಂಟೆ ನಿದ್ದೆ ಬರುತ್ತಿದೆ. ಆಫ್ ದಿನ ಎಂಟು. ಕತ್ತಿನ ಹಿಂದಿನ ಜಾಗ ಮೆತ್ತಗಾಗಿದೆ.

ಜೊತೆಯ ಮೂವರು ಸಿಸ್ಟರ್‌ಗಳ ಬ್ಯಾಗಿನಲ್ಲಿ ಅದೇ ಟ್ಯೂಬ್ ಇತ್ತು. ನನ್ನ ಮುಖ ನೋಡಿಯೇ ಅವರು ತೆಗೆದುಕೊಂಡಿದ್ದರು. ಇಬ್ಬರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಇನ್ನೊಬ್ಬಳು ಒಪ್ಪುತ್ತಿಲ್ಲ. ಅವಳ ಮದುವೆ ಮುಂದಿನ ತಿಂಗಳು.

ಮಲೆನಾಡ ಅಮ್ಮ

ಮೇಡಂ ಹೇಳಿದ್ದೇ ನಿಜವಾಯಿತು, ಕಜ್ಜಿಯೇ ಆಗಿತ್ತು. ಮನೆಯ ಐದೂ ಜನ ಒಂದೇ ರಾತ್ರಿ ಹಚ್ಚಿಕೊಂಡೆವು. ಈಗ ಯಾರಿಗೂ ಇಲ್ಲ. ಸಿಸ್ಟರ್, ಕಿಟಕಿಗೆ ಏನು ಹಾಕಿದಿರಿ? ನಮ್ಮ ಅಣ್ಣನ ಮಗ ಬೆಂಗಳೂರಿನಲ್ಲಿ ರಾತ್ರಿ ಪಾಳಿ ಮಾಡುತ್ತಾನೆ, ಅವನಿಗೆ ಹೇಳಬೇಕು.

ವಾರ್ಡ್ ಸಿಸ್ಟರ್, ಬೆಂಗಳೂರು

ಕರಿ ಕಂಬಳಿ ಅಮ್ಮ. ಚಳ್ಳಕೆರೆ ಕಡೆ ನಮ್ಮೂರು. ಅಪ್ಪ ಬಸ್ಸಿನಲ್ಲಿ ತಂದು, ಕಿಟಕಿಗೆ ಅವರೇ ಮೊಳೆ ಹೊಡೆದು ಕಟ್ಟಿಕೊಟ್ಟು ಹೋದರು. ಹಗಲು ಹನ್ನೆರಡಕ್ಕೂ ಒಂದು ಚೂರು ಬೆಳಕು ಬರುವುದಿಲ್ಲ.